ಗುಂಬಜ್‌ನಿಂದ ನಾಗಮಂಗಲದವರೆಗೆ: ಮಕ್ಕಳೊಂದಿಗೆ ಒಂದು ದಿನ

ಚಾಮರಾಜನಗರದಿಂದ ಹೊರಟು ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ ದಾಟಿ, ಹಿರಿಯೂರು, ಬಳ್ಳಾರಿಯ ಬಯಲುಗಳ ಮೂಲಕ ಕಲಬುರಗಿ ಜಿಲ್ಲೆಯ ಜೇವರ್ಗಿ ಮುಟ್ಟುವ ಹೆದ್ದಾರಿಯ ಸಂಖ್ಯೆ 150ಎ. ನಮ್ಮ ಅನೇಕ ಕುಟುಂಬಗಳು ಉತ್ತರದ ನೆಂಟರ ಮನೆಗೆ ಇದೇ ದಾರಿಯಲ್ಲಿ ಹೋಗುತ್ತವೆ. ಗುಂಬಜ್ ಮುಂದೆ ಫೋಟೋ, ಎಲ್ಲೋ ಒಂದು ಕಡೆ ಊಟ, ಮತ್ತೆ ಗಾಡಿ ನಿಲ್ಲುವುದು ಪೆಟ್ರೋಲಿಗೆ ಮಾತ್ರ. ಭೂಮಿಯಲ್ಲಿ ಸಂಚರಿಸಿ, ಹಿಂದಿನವರ ಗತಿ ಏನಾಯಿತೆಂದು ನೋಡಿರಿ ಎಂದು ಅಲ್ಲಾಹನು ಮತ್ತೆ ಮತ್ತೆ ಕಲಿಸಿದ್ದನ್ನು ನಾವು ಮಿಂಬರ್ ಮೇಲೆ ಹೇಳುತ್ತೇವೆ, ದಾರಿಯಲ್ಲಿ ಮರೆಯುತ್ತೇವೆ.

ಕಳೆದ ರಜೆಯಲ್ಲಿ ಮದರಸಾದ ಮಕ್ಕಳನ್ನು ಕರೆದುಕೊಂಡು ಹೊರಟಿದ್ದೆವು. ಗುಂಬಜ್‌ನ ಮೆಟ್ಟಿಲ ಮೇಲೆ ಒಬ್ಬ ಹುಡುಗ ಕೇಳಿದ: "ಉಸ್ತಾದ್, ಟಿಪ್ಪು ಒಳ್ಳೆಯವರೋ ಕೆಟ್ಟವರೋ? ಶಾಲೆಯಲ್ಲಿ ಜಗಳ ಆಯಿತು." ಒಂದು ಮಾತಿನಲ್ಲಿ ಉತ್ತರ ಕೊಡಲು ಮನಸ್ಸಾಗಲಿಲ್ಲ. ಸಂಜೆ ಹೇಳುತ್ತೇವೆ, ಮೊದಲು ಎಲ್ಲವನ್ನೂ ನೋಡು ಎಂದೆವು.

ಗುಂಬಜ್‌ನಲ್ಲಿ ತಂದೆ ಹೈದರಲಿ, ತಾಯಿ ಫಾತಿಮಾ ಬೇಗಂ, ಮಗ ಟಿಪ್ಪು, ಮೂವರೂ ಮಲಗಿದ್ದಾರೆ. ಹೈದರಲಿ ತೀರಿಕೊಂಡದ್ದು 1782ರಲ್ಲಿ. ಮಗ ಈ ಗೋರಿಮನೆ ಕಟ್ಟಿಸಿದ. 1799ರ ಮೇ 4ರಂದು ಕೋಟೆ ಬಿದ್ದಾಗ ಹುತಾತ್ಮನಾಗಿ ಮರುದಿನ ಇಲ್ಲಿಗೇ ಬಂದ. ಕೋಟೆಯೊಳಗೆ ಅವನು ಕಟ್ಟಿಸಿದ ಮಸ್ಜಿದೆ ಆಲಾದ ಎರಡು ಮಿನಾರುಗಳೂ ಇವೆ, ರಂಗನಾಥಸ್ವಾಮಿ ಗುಡಿಯ ಗೋಪುರವೂ ಇದೆ. ಅವನ ಇಡೀ ಆಳ್ವಿಕೆಯಲ್ಲಿ ಆ ಗುಡಿಯ ಪೂಜೆ ಅರಮನೆಯ ಪಕ್ಕದಲ್ಲೇ ನಡೆಯಿತು. ಅವನು ಕೊಟ್ಟ ಬೆಳ್ಳಿಯ ಬಟ್ಟಲುಗಳು ಗುಡಿಗೆ ಸಂದಿವೆ. ಇನ್ನೊಂದು ವಿಷಯವನ್ನೂ ಮಕ್ಕಳಿಗೆ ಹೇಳಿದೆವು: ಅಂದು ಕೋಟೆಯನ್ನು ಮುತ್ತಿದ ಇಂಗ್ಲಿಷರ ಜೊತೆ ಹೈದರಾಬಾದಿನ ನಿಜಾಮನ ಸೈನ್ಯವೂ ಇತ್ತು. ಟಿಪ್ಪುವಿನ ದಿವಾನ ಪೂರ್ಣಯ್ಯ ಬ್ರಾಹ್ಮಣರು. ಯಾರು ಯಾರ ಕಡೆ ಎಂದು ಹೆಸರು ನೋಡಿ ಹೇಳಲಾಗದ ಕಾಲ ಅದು.

ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಇತ್ತು. ಹೈದರ್, ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದ ಜಾಗ. ಅಲ್ಲಿಂದ ಸ್ವಲ್ಪ ದೂರದಲ್ಲಿ ತೊಣ್ಣೂರು ಕೆರೆ. ಇದನ್ನು ಕಟ್ಟಿಸಿದವರು ರಾಮಾನುಜಾಚಾರ್ಯರೆಂದು ಜನರ ನಂಬಿಕೆ, ಹೆಸರು ತಿರುಮಲಸಾಗರ. ನೀರು ಮುತ್ತಿನಂತೆ ತಿಳಿಯಾಗಿದ್ದರಿಂದ ಮೋತಿ ತಲಾಬ್ ಎಂಬ ಇನ್ನೊಂದು ಹೆಸರೂ ಬಂತು. ಊರ ಬಳಿ ಸೈಯದ್ ಸಾಲಾರ್ ಮಸೂದ್ ಅವರದೆಂದು ಹೇಳುವ ಹಳೆಯ ದರ್ಗಾ ಇದೆ. ಕೆರೆಯ ಏರಿಯ ಮೇಲೆ ಬುತ್ತಿ ಬಿಚ್ಚಿ, ಲುಹರ್ ಮುಗಿಸಿ ಹೊರಡಬಹುದು. 1771ರಲ್ಲಿ ಇದೇ ಸೀಮೆಯ ಚಿನಕುರಳಿ ಬಳಿ ಹೈದರಲಿ ಮರಾಠರ ಕೈಯಲ್ಲಿ ದೊಡ್ಡ ಸೋಲು ಕಂಡದ್ದನ್ನೂ ಮರೆಯದೆ ಹೇಳಿ. ಮಕ್ಕಳಿಗೆ ಗೆದ್ದ ಕಥೆಗಳನ್ನು ಮಾತ್ರ ಹೇಳುವುದು ಸಾಲದು.

ಮುಂದಿನದು ಮೇಲುಕೋಟೆ. ಇಲ್ಲಿ ನಾವು ಹೆಚ್ಚು ಹೊತ್ತು ನಿಂತೆವು. ದೆಹಲಿಯ ಸುಲ್ತಾನನ ಮಗಳು ಚೆಲುವನಾರಾಯಣನ ಮೂರ್ತಿಯನ್ನು ಅಗಲಲಾರದೆ ಇಲ್ಲಿಯವರೆಗೆ ಬಂದಳೆಂದು ಸ್ಥಳಪುರಾಣ. ಬೀಬಿ ನಾಚಿಯಾರ್ ಎಂದು ಅವಳಿಗೆ ಇಂದಿಗೂ ಗೌರವವಿದೆ. ರಾಮಾನುಜರ ಕಾಲಕ್ಕೆ ದೆಹಲಿಯಲ್ಲಿ ಸುಲ್ತಾನರೇ ಇರಲಿಲ್ಲ, ಆದ್ದರಿಂದ ಇದು ಚರಿತ್ರೆಯಲ್ಲ. ನಮ್ಮ ಅಖೀದಾವೂ ಬೇರೆ. ಆದರೂ ಒಂದು ಊರು ತನ್ನ ಕಥೆಯಲ್ಲಿ ಒಬ್ಬ ಮುಸ್ಲಿಂ ಹೆಣ್ಣುಮಗಳಿಗೆ ಜಾಗ ಕೊಟ್ಟಿದೆ ಎಂಬುದನ್ನು ಮಕ್ಕಳು ತಿಳಿಯಬೇಕು.

ಇದೇ ಊರಿನಲ್ಲಿ ಇನ್ನೊಂದು ನೆನಪೂ ಇದೆ. ಮಂಡ್ಯಂ ಅಯ್ಯಂಗಾರರ ಅನೇಕ ಮನೆಗಳಲ್ಲಿ ನರಕಚತುರ್ದಶಿಯಂದು ದೀಪವಿಲ್ಲ. ಟಿಪ್ಪುವಿನ ಕಾಲದಲ್ಲಿ ತಮ್ಮ ಹಿರಿಯರನ್ನು ಕೊಲ್ಲಿಸಲಾಯಿತೆಂದು ಅವರು ಹೇಳುತ್ತಾರೆ. ಅವರ ಬಂಧುಗಳಾದ ತಿರುಮಲರಾಯ, ನಾರಾಯಣರಾಯ ಸಹೋದರರು ಒಡೆಯರ ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ಇಂಗ್ಲಿಷರೊಡನೆ ಮಾತುಕತೆ ನಡೆಸುತ್ತಿದ್ದರು. ಯಾವ ವರ್ಷ, ಎಷ್ಟು ಜನ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಮೇಲುಕೋಟೆಯ ಗುಡಿಗೂ ಟಿಪ್ಪು ಕಾಣಿಕೆ ಕೊಟ್ಟಿದ್ದಾನೆ, ಅದೂ ದಾಖಲೆಯಲ್ಲಿದೆ. ಆದರೆ ಕಾಣಿಕೆಯ ಮಾತು ಹೇಳಿ ಅವರ ದುಃಖದ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ಸಾಕ್ಷ್ಯ ನಮಗೆ ವಿರುದ್ಧವಾಗಿದ್ದರೂ ನ್ಯಾಯದ ಪರ ನಿಲ್ಲಿ ಎಂಬ ಆಜ್ಞೆ ಇರುವುದು ಇಂಥ ಜಾಗಕ್ಕೇ.

ಹೆದ್ದಾರಿ ಬಿಟ್ಟು ಪಕ್ಕಕ್ಕೆ ಸರಿದರೆ ಕೆ.ಆರ್. ಪೇಟೆ, ಹಿಂದಿನ ಅತ್ತಿಕುಪ್ಪೆ. ಹತ್ತಿರದ ಹೊಸಹೊಳಲಿನಲ್ಲಿ 13ನೇ ಶತಮಾನದ ಲಕ್ಷ್ಮೀನಾರಾಯಣ ದೇವಾಲಯ. ಕಿಕ್ಕೇರಿಯಲ್ಲಿ 1171ರಲ್ಲಿ ಬಮ್ಮವೆ ನಾಯಕಿತಿ ಎಂಬ ಹೆಣ್ಣುಮಗಳು ಕಟ್ಟಿಸಿದ ಬ್ರಹ್ಮೇಶ್ವರ. 'ಮೈಸೂರು ಮಲ್ಲಿಗೆ'ಯ ಕವಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದೂ ಕಿಕ್ಕೇರಿಯಲ್ಲೇ. ಹೊರಗೋಡೆಯ ಕೆತ್ತನೆ ನೋಡಲು ನಿಂತರೆ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ ನಿಲ್ಲಿ. ಅದು ನೆರೆಯವರ ಆರಾಧನೆಯ ಜಾಗ, ನಮ್ಮ ನಾಡಿನ ಕೈಕೆಲಸವೂ ಹೌದು.

ಕೊನೆಗೆ ನಾಗಮಂಗಲ. ಹೊಯ್ಸಳರ ಕಾಲದ ಸೌಮ್ಯಕೇಶವ ದೇವಾಲಯದ ಊರು. 1792ರಲ್ಲಿ ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದ ಮರಾಠಾ ಸೇನೆ ಈ ಊರನ್ನು ಹಾಳುಗೆಡವಿತು. ಹಿಂದಿನ ವರ್ಷ ಅದೇ ಕಡೆಯ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಜಗದ್ಗುರುಗಳಿಗೆ ನೆರವು ಕಳುಹಿಸಿದವನು ಟಿಪ್ಪು. ಆ ಪತ್ರಗಳು 1916ರಲ್ಲಿ ಮಠದಲ್ಲೇ ಸಿಕ್ಕವು. ಅದೆಲ್ಲ ಹಳೆಯ ಮಾತು. ಹೊಸ ಮಾತು 2024ರ ಸೆಪ್ಟೆಂಬರ್ 11ರದು. ಗಣೇಶ ವಿಸರ್ಜನೆಯ ಮೆರವಣಿಗೆಯ ಹೊತ್ತಿನಲ್ಲಿ ಗಲಭೆ ಎದ್ದು ಈ ಬೀದಿಗಳಲ್ಲಿ ಅಂಗಡಿಗಳು ಸುಟ್ಟವು, ಅವರದೂ ನಮ್ಮದೂ. ಸಾಲ ಮಾಡಿ ಅಂಗಡಿ ಇಟ್ಟವನ ಅಳು ಎರಡು ಕಡೆಯೂ ಒಂದೇ.

ಇಲ್ಲಿ ಒಂದು ಅಂಗಡಿಯಲ್ಲಿ ಚಹಾ ಕುಡಿಯುತ್ತ ಹುಡುಗನಿಗೆ ಉತ್ತರ ಕೊಟ್ಟೆವು. ಟಿಪ್ಪು ರಾಜ. ಇಂಗ್ಲಿಷರಿಗೆ ತಲೆಬಾಗದೆ ರಣದಲ್ಲೇ ಪ್ರಾಣ ಕೊಟ್ಟ, ಗುಡಿಗಳಿಗೆ ದಾನ ಕೊಟ್ಟ. ಅವನ ಕಾಲದಲ್ಲಿ ನೊಂದವರೂ ಇದ್ದಾರೆ. ಅವನ ಲೆಕ್ಕ ಅಲ್ಲಾಹನ ಬಳಿ ಇದೆ. ನಿನ್ನ ಲೆಕ್ಕ, ನಾಳೆ ಶಾಲೆಯಲ್ಲಿ ಜೊತೆಗಾರನೊಂದಿಗೆ ಹೇಗೆ ಮಾತಾಡುತ್ತೀ ಎಂಬುದು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನಿಗೂ ತೊಣ್ಣೂರು ಕೆರೆ ತೋರಿಸಬೇಕು" ಎಂದ.

ಈ ರಜೆಯಲ್ಲಿ ನೀವೂ ಹೊರಡಿ. ಸಾಧ್ಯವಾದರೆ ಪಕ್ಕದ ಮನೆಯ ಮಕ್ಕಳನ್ನೂ ಕೇಳಿ ಕರೆದುಕೊಂಡು ಹೋಗಿ. ಅಲ್ಲಾಹನು ನಮ್ಮ ಪಯಣಗಳನ್ನು ಸುಗಮಗೊಳಿಸಲಿ, ನಮ್ಮ ಊರುಗಳಲ್ಲಿ ಶಾಂತಿಯನ್ನಿರಿಸಲಿ. ಆಮೀನ್.