ಅಪ್ಪನ ವರ್ಷಾಸನ, ಕಿತ್ತೂರಿನ ದತ್ತಕ

ಹೋದ ದೀಪಾವಳಿಗೆ ವಡಗಾವಿಯ ಮನೆಗೆ ಹೋಗಿದ್ದೆ. ಅಪ್ಪ ಟ್ರಂಕಿನಿಂದ ಹಳೆಯ ಫೈಲೊಂದನ್ನು ತೆಗೆದು ಮುಂದಿಟ್ಟರು. ನಿವೃತ್ತಿಯಾದಾಗ ಬಂದ ಹಣದಲ್ಲಿ ತೆಗೆದುಕೊಂಡ ಪೆನ್ಶನ್ ಪಾಲಿಸಿ. ಬದುಕಿರುವ ತನಕ ಅವರಿಗೆ ಪಿಂಚಣಿ, ಆಮೇಲೆ ಕಟ್ಟಿದ ಅಸಲು ನಾಮಿನಿಗೆ. ನಾಮಿನಿ ಯಾರು ಅಂತ ನೋಡಿದರೆ... ಅವ್ವ! ಅವ್ವ ತೀರಿಕೊಂಡು ಮೂರು ವರ್ಷ ಆಯ್ತು.

"ಇದನ್ನ ಬದಲಿ ಮಾಡಬೇಕಲ್ಲ ಅಪ್ಪಾ" ಅಂದೆ.

"ಮಾಡೂಣು ಬಿಡೋ, ಏನ್ ಅವಸರೈತಿ? ನಾಳೇನ ಸಾಯ್ತೀನೇನು?"

ಆ ಮಾತಿಗೆ ನನಗೆ ನೆನಪಾಗಿದ್ದು ಕಿತ್ತೂರು!

ನಗಬೇಡಿ. ಕಿತ್ತೂರಿನ ಕಥೆ ಶುರುವಾಗುವುದೂ ವಾರಸಾ ಕಾಗದದಿಂದಲೇ. ಮಕ್ಕಳಿಲ್ಲದ ದೊರೆ ಶಿವಲಿಂಗರುದ್ರ ಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಕೊನೆಗಾಲದಲ್ಲಿ ಮಾಸ್ತಮರಡಿ ಗೌಡರ ಮಗನನ್ನು ದತ್ತಕ ತೆಗೆದುಕೊಂಡಿದ್ದಾನೆ ಎಂದರೆ ಧಾರವಾಡದ ಕಲೆಕ್ಟರ್ ಥ್ಯಾಕರೆ ನಂಬಲಿಲ್ಲ. ಅಕ್ಟೋಬರ್ 23ರ ಯುದ್ಧದಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಅದೇ ದತ್ತುಮಗನ ಹಕ್ಕಿಗಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಮ್ಮ ಖಾನಾಪುರ ತಾಲೂಕಿನ ನಂದಗಡದಲ್ಲೇ ಗಲ್ಲಿಗೇರಿಸಿದರು.

ಇದು ರಾಜರ ಮನೆಯ ಮಾತಷ್ಟೇ ಆಗಿ ಉಳಿಯಲಿಲ್ಲ. ಈ ಸೀಮೆಯ ಎಷ್ಟೋ ಮನೆಗಳು ಇನಾಮು ಭೂಮಿ, ವರ್ಷಾಸನದ ಮೇಲೆ ಬದುಕಿದ್ದವು. ವರ್ಷಾಸನ ಅಂದರೆ ವರ್ಷಕ್ಕಿಷ್ಟು ಅಂತ ಸಿಗುವ ಹಣ. ಈಗ ಅಪ್ಪನ ಪಾಲಿಸಿ ಕೊಡುವುದೂ ಅಂಥದ್ದೇ. 1852ರ ಕಾಯ್ದೆಯ ಬಲದಿಂದ ಇನಾಮ್ ಕಮಿಷನ್ ಮನೆಮನೆಯ ಸನದು ಕೇಳಿತು. ಅಜ್ಜ ಮುತ್ತಜ್ಜರ ಕಾಗದ ಗೆದ್ದಲು ತಿಂದಿದ್ದರೆ? ಇನಾಮಿಗೇ ಕುತ್ತು! ನರಗುಂದದ ಬಾಬಾಸಾಹೇಬನಿಗೂ ದತ್ತಕಕ್ಕೆ ಒಪ್ಪಿಗೆ ಸಿಗಲಿಲ್ಲ. 1858ರಲ್ಲಿ ಬಂಡೆದ್ದ ಅವನನ್ನು ಜೂನ್ 12ರಂದು ಗಲ್ಲಿಗೇರಿಸಿದ್ದು ಇದೇ ಬೆಳಗಾವಿಯಲ್ಲಿ.

ಅಷ್ಟಾದ ಮೇಲೆ ಸರ್ಕಾರ 1863ರಲ್ಲಿ ರಾಜಿಗೆ ಬಂತು. ಆಕಾರದ ರೂಪಾಯಿಗೆ ನಾಲ್ಕಾಣೆ ಜುಡಿ, ಒಂದಾಣೆ ನಜರಾಣೆ ವರ್ಷವರ್ಷ ಕಟ್ಟಿ. ಪುರಾವೆ ಬೇಡ, ವಾರಸಾ ತಕರಾರಿಲ್ಲ. ಆ ಒಂದಾಣೆ ನಿಜಕ್ಕೂ ಪಿತ್ರಾರ್ಜಿತ ತೆರಿಗೆಯ ಕಂತು ನೋಡಿ!

ಸ್ವತಂತ್ರ ಭಾರತದಲ್ಲೂ 1953ರಿಂದ 1985ರವರೆಗೆ ಸತ್ತವರ ಆಸ್ತಿಗೆ ಎಸ್ಟೇಟ್ ಡ್ಯೂಟಿ ಇತ್ತು. ಈಗ ಅದಿಲ್ಲ. ಅಪ್ಪನ ಪಿಂಚಣಿ ಮಾತ್ರ ವರ್ಷವರ್ಷ ಅವರ ಆದಾಯಕ್ಕೆ ಸೇರುತ್ತದೆ. ತೊಡಕಿರುವುದು ಕಾಗದದಲ್ಲಿ. ನಾಮಿನಿ ಮೊದಲೇ ತೀರಿಕೊಂಡಿದ್ದರೆ ಹಣ ವಾರಸುದಾರರಿಗೆ ಹೋಗುತ್ತದೆ ನಿಜ, ಆದರೆ ವಾರಸುದಾರರು ನಾವೇ ಅಂತ ರುಜುವಾತು ಮಾಡಲು ಓಡಾಡಬೇಕು. ಮತ್ತೆ ಸನದು ತೋರಿಸಿದ ಹಾಗೆ!

ಈ ಕಥೆಯನ್ನೆಲ್ಲ ಚಹಾ ಆರುವ ತನಕ ಅಪ್ಪನಿಗೆ ಹೇಳಿದೆ. ಸುಮ್ಮನೆ ಕೇಳಿದರು. ಕಿತ್ತೂರಿನ ಹೆಸರು ಹೇಳಿದರೆ ನಮ್ಮ ಕಡೆ ಯಾರು ಕೇಳುವುದಿಲ್ಲ? ಮರುದಿನ ಬೆಳಿಗ್ಗೆ ತಾವೇ ಕನ್ನಡಕ ಹಾಕಿಕೊಂಡು ಫಾರಂ ಮುಂದಿಟ್ಟುಕೊಂಡು ಕೂತಿದ್ದರು.

"ಅಕ್ಕನ ಹೆಸರು ಮೊದಲ ಬರಿ, ಆಮ್ಯಾಲೆ ನಿಂದು. ಇಬ್ಬರಿಗೂ ಸಮಾ ಸಮಾ. ನಾ ಹ್ವಾದ ಮ್ಯಾಲೆ ನೀವು ಕಿತ್ತೂರ ಯುದ್ಧ ಮಾಡೂದು ಬ್ಯಾಡ."

ಅವ್ವನ ಹೆಸರಿದ್ದ ಹಳೆಯ ಹಾಳೆಯನ್ನು ಮಾತ್ರ ಎಸೆಯಲು ಕೊಡಲಿಲ್ಲ. ಮಡಚಿ ಮತ್ತೆ ಟ್ರಂಕಿನಲ್ಲೇ ಇಟ್ಟರು.

ನಿಮ್ಮ ಮನೆಯ ಟ್ರಂಕನ್ನೂ ಒಮ್ಮೆ ತೆಗೆದು ನೋಡಿ...