ಕಸದ ಡಬ್ಬಿಗೆ ಅಧಿಕಾರಿಯ ಹೆಸರು

ಫ್ರೆಂಚರು ಕಸದ ಡಬ್ಬಿಯನ್ನು ‘ಪೂಬೆಲ್’ ಎನ್ನುತ್ತಾರೆ. ಅದು ಒಬ್ಬ ಅಧಿಕಾರಿಯ ಹೆಸರು. ಪ್ಯಾರಿಸ್ಸಿನಲ್ಲಿ ಕಸವನ್ನು ಬೀದಿಗೆ ಸುರಿಯುವುದೇ ರೂಢಿಯಾಗಿದ್ದ ಕಾಲದಲ್ಲಿ, 1883ರ ನವೆಂಬರಿನಲ್ಲಿ, ಅಲ್ಲಿನ ಆಡಳಿತಾಧಿಕಾರಿ ಯೂಜೀನ್ ಪೂಬೆಲ್ ಒಂದು ಆಜ್ಞೆ ಹೊರಡಿಸಿದ. ಮನೆ ಮಾಲೀಕರು ಬಾಡಿಗೆದಾರರಿಗೆ ಮುಚ್ಚಳವಿರುವ ಡಬ್ಬಿಗಳನ್ನು ಒದಗಿಸಬೇಕು. ಕೊಳೆಯುವ ಕಸಕ್ಕೊಂದು, ಕಾಗದ-ಚಿಂದಿಗೊಂದು, ಗಾಜು-ಪಿಂಗಾಣಿ-ಚಿಪ್ಪುಗಳಿಗೊಂದು.

ಮಾಲೀಕರು ಖರ್ಚೆಂದು ಗೊಣಗಿದರು. ಚಿಂದಿ ಆಯುವವರಿಗೆ ಮಾತ್ರ ಅದು ಹೊಟ್ಟೆಪಾಡಿನ ಪ್ರಶ್ನೆ. ಬೀದಿಯ ಕಸ ಕೆದಕಿ, ಚಿಂದಿ, ಮೂಳೆ ಆಯ್ದು ಮಾರಿ ಅವರು ಬದುಕುತ್ತಿದ್ದರು. ಡಬ್ಬಿಯ ಕಸ ನೇರವಾಗಿ ಗಾಡಿಗೆ ಬಿದ್ದರೆ ಅವರ ಪಾಲಿಗೆ ಉಳಿಯುವುದೇನು? ಪ್ರತಿಭಟನೆ ಎದ್ದಿತು. ಕೊನೆಗೆ, ಗಾಡಿ ಬರುವ ಮುನ್ನ ಡಬ್ಬಿಯಿಂದ ಆಯ್ದುಕೊಳ್ಳಲು ಅವರಿಗೆ ಅವಕಾಶ ದೊರೆಯಿತು.

ಡಬ್ಬಿ ಉಳಿಯಿತು; ಮೂರು ಬಗೆಯ ವಿಂಗಡಣೆ ಆಗ ರೂಢಿಗೆ ಬರಲಿಲ್ಲ. ವಿಂಗಡಣೆಯ ಕಾನೂನು ಬರೆದವರು, ಅದೇ ಕೆಲಸವನ್ನು ಮೊದಲಿನಿಂದ ಮಾಡುತ್ತಿದ್ದವರನ್ನು ಮರೆತಿದ್ದರು.