ಮರಗಳ ತಾಯಿಯ ಸಂಬಳದ ಲೆಕ್ಕ

ಸ್ವಾಹಿಲಿ ಭಾಷೆಯಲ್ಲಿ ‘ಮಾಮಾ ಮಿಟಿ’ ಅಂದರೆ ಮರಗಳ ತಾಯಿ. ನಮ್ಮಲ್ಲಿ ಮಾಮ ಅಂದರೆ ಸೋದರಮಾವ, ಹಾಗಾಗಿ ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ಕೆನ್ಯಾದ ವಂಗಾರಿ ಮಾಥಾಯ್ ಅವರನ್ನು ಜನ ಕರೆಯುತ್ತಿದ್ದುದು ಹಾಗೆ. ನಾವೂ ಸಾಲುಮರದ ತಿಮ್ಮಕ್ಕನನ್ನು ವೃಕ್ಷಮಾತೆ ಎಂದೆವು. ಮಕ್ಕಳಿಲ್ಲದ ಕೊರಗಿನಲ್ಲಿ ಆಲದ ಸಸಿಗಳನ್ನೇ ಮಕ್ಕಳಂತೆ ಸಾಕಿದ ತಿಮ್ಮಕ್ಕನಿಗೆ ಆ ಹೆಸರು ಒಪ್ಪುತ್ತಿತ್ತು. ವಂಗಾರಿಯ ಕತೆ ಬೇರೆ. ಅವರಿಗೆ ಮೂವರು ಮಕ್ಕಳಿದ್ದರು, ಪಿಎಚ್‌ಡಿ ಇತ್ತು, ತಿಂಗಳ ಸಂಬಳದ ಕೆಲಸವಿತ್ತು. ‘ಮರಗಳ ತಾಯಿ’ ಎಂದು ಕೈಮುಗಿದುಬಿಟ್ಟರೆ ಈ ಮೂರೂ ಮರೆಗೆ ಸರಿಯುತ್ತವೆ. ನನಗೆ ಆಸಕ್ತಿ ಇರುವುದು ಇವುಗಳಲ್ಲೇ.

ವಂಗಾರಿ ಹುಟ್ಟಿದ್ದು 1940ರಲ್ಲಿ, ನ್ಯೇರಿ ಜಿಲ್ಲೆಯ ಇಹಿಥೆ ಎಂಬ ಹಳ್ಳಿಯಲ್ಲಿ. ಮನೆಯ ಹತ್ತಿರ ಅತ್ತಿಯ ಜಾತಿಗೆ ಸೇರಿದ ಒಂದು ದೊಡ್ಡ ಮರ. ಅದು ದೇವರ ಮರ, ಅದರ ಸೌದೆ ತರಬೇಡ ಎಂದು ತಾಯಿ ಹೇಳಿದ್ದರು. ನಮ್ಮೂರಿನ ಅಶ್ವತ್ಥಕಟ್ಟೆಯ ಬಗ್ಗೆ ಅಜ್ಜಿಯರು ಹೇಳುತ್ತಿದ್ದ ಮಾತೇ. ಮರದ ಬುಡದ ಹತ್ತಿರ ಒಂದು ತೊರೆ, ಅದರಲ್ಲಿ ಕಪ್ಪೆಯ ಮೊಟ್ಟೆ, ಗೊದಮೊಟ್ಟೆ. ಮುಂದೆ ವಂಗಾರಿ ಅಮೆರಿಕಕ್ಕೆ ಹೋಗಿ ಜೀವಶಾಸ್ತ್ರ ಓದಿದರು. ಕಾನ್ಸಸ್‌ನಲ್ಲಿ ಪದವಿ, ಪಿಟ್ಸ್‌ಬರ್ಗ್‌ನಲ್ಲಿ ಸ್ನಾತಕೋತ್ತರ. ಅಷ್ಟರಲ್ಲಿ ಊರಿನ ಮರ ಕಡಿದಾಗಿತ್ತು, ತೊರೆ ಬತ್ತಿತ್ತು. ಬೇರು ಆಳಕ್ಕಿಳಿದು ನೀರನ್ನು ಹಿಡಿದಿಡುತ್ತದೆ, ಮಣ್ಣು ಜಾರದಂತೆ ತಡೆಯುತ್ತದೆ ಎಂಬ ವಿಜ್ಞಾನ ಕಲಿತು ಬಂದ ಮೇಲೆ ಅವರಿಗೆ ತಾಯಿಯ ಮಾತು ಮೂಢನಂಬಿಕೆ ಅನ್ನಿಸಲಿಲ್ಲ.

1966ರಲ್ಲಿ ನೈರೋಬಿಗೆ ಮರಳಿದಾಗ, ಕೊಡುತ್ತೇವೆಂದು ಪತ್ರ ಬರೆದಿದ್ದ ಪ್ರಾಣಿಶಾಸ್ತ್ರ ವಿಭಾಗದ ಕೆಲಸವನ್ನು ಬೇರೊಬ್ಬರಿಗೆ ಕೊಟ್ಟಿದ್ದರು. ಹೆಣ್ಣು ಎಂಬುದೂ ಜನಾಂಗವೂ ಅಡ್ಡಬಂದವು ಎಂಬುದು ಅವರ ನಂಬಿಕೆ. ಕೊನೆಗೆ ಒಬ್ಬ ಜರ್ಮನ್ ಪ್ರಾಧ್ಯಾಪಕರು ಪಶುವೈದ್ಯಕೀಯ ಅಂಗರಚನಾ ವಿಭಾಗದಲ್ಲಿ ಕೆಲಸ ಕೊಟ್ಟರು. 1969ರಲ್ಲಿ ಮದುವೆ, 1970ರಲ್ಲಿ ಮೊದಲ ಮಗು, 1971ರಲ್ಲಿ ಪಿಎಚ್‌ಡಿ. ಪೂರ್ವ ಮತ್ತು ಮಧ್ಯ ಆಫ್ರಿಕದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ ಅವರು. ಅದೇ ವರ್ಷದ ಡಿಸೆಂಬರಿನಲ್ಲಿ ಮಗಳು ವಂಜಿರಾ ಹುಟ್ಟಿದಳು. 1976ರ ಹೊತ್ತಿಗೆ ವಿಭಾಗದ ಮುಖ್ಯಸ್ಥೆ. ನಡುವೆ ಸಹೋದ್ಯೋಗಿ ಮಹಿಳೆಯೊಬ್ಬರ ಜೊತೆ ಸೇರಿ, ಗಂಡಸರಿಗೆ ಸಿಗುವ ವಸತಿ ಮತ್ತಿತರ ಸವಲತ್ತು ಹೆಂಗಸರಿಗೂ ಸಿಗಬೇಕೆಂದು ವಿಶ್ವವಿದ್ಯಾಲಯದ ಜೊತೆ ಜಗಳ ಹೂಡಿದರು. ಮದುವೆಯಾದವಳಿಗೆ ಗಂಡನ ಮನೆ ಇದೆಯಲ್ಲ, ವಸತಿ ಏಕೆ ಎಂಬುದು ಆಗಿನ ವಾದ.

ದನಗಳ ಮೈಗೆ ಕಚ್ಚುವ ಉಣುಗುಗಳ ಮೂಲಕ ಹರಡುವ ರೋಗದ ಸಂಶೋಧನೆಗೆ ಅವರು ನೈರೋಬಿಯ ಸುತ್ತಲಿನ ಹಳ್ಳಿಗಳನ್ನು ತಿರುಗಿದರು. ಅಲ್ಲಿ ಕಂಡದ್ದು ಬಡಕಲು ದನ, ಮಳೆಗಾಲದಲ್ಲಿ ಕೆಂಪಗೆ ಮಣ್ಣು ಹೊತ್ತು ಹರಿಯುವ ಹೊಳೆ, ಚಹಾ ಮತ್ತು ಕಾಫಿ ತೋಟಗಳಿಗಾಗಿ ಬೋಳಾದ ಗುಡ್ಡ. ಸುಮಾರು ಅದೇ ಕಾಲಕ್ಕೆ ರಾಷ್ಟ್ರೀಯ ಮಹಿಳಾ ಮಂಡಳಿಯ ಸಭೆಗಳಲ್ಲಿ ಹಳ್ಳಿಯ ಹೆಂಗಸರು ಹೇಳುತ್ತಿದ್ದರು: ಸೌದೆ ಇಲ್ಲ, ಕುಡಿಯುವ ನೀರಿಲ್ಲ. ಸೌದೆ ಇಲ್ಲದ್ದಕ್ಕೆ ಬೇಗ ಬೇಯುವ, ಸತ್ವವಿಲ್ಲದ ಊಟವನ್ನು ಮಕ್ಕಳಿಗೆ ಹಾಕುತ್ತಿದ್ದಾರೆ. ಮಗುವಿನ ಅಪೌಷ್ಟಿಕತೆಯ ಕಾರಣ ಹುಡುಕುತ್ತ ಹೋದರೆ ಕಡಿದ ಕಾಡು ಸಿಗುತ್ತದೆ. ಆಫೀಸಿನಲ್ಲಿ ನಾವು ಮೂಲ ಕಾರಣ ಹುಡುಕಲು ದೊಡ್ಡ ದೊಡ್ಡ ಚಾರ್ಟ್ ಬಿಡಿಸುತ್ತೇವೆ. ಇವರು ಒಲೆಯಿಂದ ಶುರುಮಾಡಿ ಗುಡ್ಡದವರೆಗೆ ಒಂದೇ ಗೆರೆ ಎಳೆದರು.

ಮೊದಲ ಪ್ರಯತ್ನ ಸೋತಿತು. 1974ರ ಚುನಾವಣೆಯಲ್ಲಿ ಪತಿ ಮ್ವಾಂಗಿ ಮತದಾರರಿಗೆ ಉದ್ಯೋಗದ ಭರವಸೆ ಕೊಟ್ಟಿದ್ದರು. ಅದನ್ನು ಈಡೇರಿಸಲು ಹೊರಟವರು ಗೆದ್ದ ಗಂಡನಲ್ಲ, ಹೆಂಡತಿ. ಸಸಿ ಬೆಳೆಸಿ ನೆಡುವ ‘ಎನ್ವಿರೋಕೇರ್’ ಎಂಬ ಸಂಸ್ಥೆ ಕಟ್ಟಿದರು. ಹಣ ಸಾಲದೆ ಅದು ಮುಚ್ಚಿತು. ಆಮೇಲೆ ಮಹಿಳಾ ಮಂಡಳಿಯ ಆಶ್ರಯದಲ್ಲಿ 1977ರ ಜೂನ್ 5ರಂದು, ಕಮುಕುಂಜಿ ಪಾರ್ಕಿನಲ್ಲಿ, ಏಳು ಬೇರೆ ಬೇರೆ ಜನಾಂಗಗಳ ನಾಯಕರ ನೆನಪಿನಲ್ಲಿ ಏಳು ಸಸಿ ನೆಟ್ಟರು. ಗ್ರೀನ್ ಬೆಲ್ಟ್ ಚಳವಳಿ ಶುರುವಾದದ್ದು ಹಾಗೆ.

ಅರಣ್ಯಾಧಿಕಾರಿಗಳಿಗೆ ಹೆಂಗಸರ ಮೇಲೆ ನಂಬಿಕೆ ಇರಲಿಲ್ಲ. ಸಸಿ ಬೆಳೆಸಲು ಡಿಪ್ಲೊಮಾ ಬೇಕು ಎಂದರು. ಹುರುಳಿ, ಜೋಳ ಬಿತ್ತುವ ಕೈಗೆ ಬೀಜ ಗೊತ್ತಿರುವುದಿಲ್ಲವೇ ಎಂದು ವಂಗಾರಿ ಅವರನ್ನು ಬಿಟ್ಟು ಮುಂದೆ ಹೋದರು. ಒಡೆದ ಮಡಕೆಯೂ ಸಸಿಮಡಿಯಾಯಿತು. ಅವರ ಪದ್ಧತಿಯಲ್ಲಿ ನನ್ನಂಥ ಪ್ರಾಜೆಕ್ಟ್ ಮ್ಯಾನೇಜರನನ್ನು ಹಿಡಿದು ನಿಲ್ಲಿಸಿದ್ದು ಒಂದು ನಿಯಮ: ನರ್ಸರಿಯಿಂದ ಹೊರಗೆ ನೆಟ್ಟ ಮೇಲೆ ಬದುಕುಳಿದ ಸಸಿಗೆ ಮಾತ್ರ ಹಣ. ಒಂದಕ್ಕೆ ಅಮೆರಿಕದ ಕೆಲವೇ ಸೆಂಟು, ಆದರೂ ಅನೇಕ ಹೆಂಗಸರಿಗೆ ಸ್ವಂತ ಕೈಗೆ ಬಂದ ಕಾಸು ಅದು. ಇಲ್ಲಿ ಹಿಂಜವಡಿಯಲ್ಲೂ ಪ್ರತಿ ಜೂನ್ 5ಕ್ಕೆ ಗಿಡ ನೆಡುವ ಕಾರ್ಯಕ್ರಮ ಇರುತ್ತದೆ. ಟೋಪಿ, ಟೀಶರ್ಟ್, ಫೋಟೊ ಎಲ್ಲ ಇರುತ್ತವೆ. ನೆಟ್ಟದ್ದರ ಲೆಕ್ಕ ಸಂಜೆಯೊಳಗೆ ಮೇಲ್‌ನಲ್ಲಿ ಬರುತ್ತದೆ, ಉಳಿದದ್ದರ ಲೆಕ್ಕ ಯಾವ ಮೇಲ್‌ನಲ್ಲೂ ನಾನು ನೋಡಿಲ್ಲ.

ಇನ್ನು ಮನೆಯ ಕಡೆ. ಮೊದಲ ಸಸಿಗಳನ್ನು ನೆಟ್ಟ 1977ರಲ್ಲೇ ಪತಿ ಬೇರೆಯಾದರು, 1979ರಲ್ಲಿ ವಿಚ್ಛೇದನ. ನ್ಯಾಯಾಧೀಶರನ್ನು ಪತ್ರಿಕೆಯೊಂದರಲ್ಲಿ ಟೀಕಿಸಿದ್ದಕ್ಕೆ ಆರು ತಿಂಗಳ ಶಿಕ್ಷೆಯಾಗಿ, ಮೂರು ದಿನ ಜೈಲಿನಲ್ಲಿದ್ದರು. ನನ್ನ ಹೆಸರು ಬಿಡು ಎಂದು ಮಾಜಿ ಪತಿ ಹೇಳಿದಾಗ ಹೆಸರನ್ನು ಬಿಡಲಿಲ್ಲ, ಅದಕ್ಕೊಂದು ದೀರ್ಘ ಕೊಟ್ಟರು. ಮಥಾಯ್ ಇದ್ದದ್ದು ಮಾಥಾಯ್ ಆಯಿತು. ಆದರೆ ದೀರ್ಘದಿಂದ ಮನೆ ನಡೆಯುವುದಿಲ್ಲ. ಕೈಯಲ್ಲಿ ಹಣ ಮುಗಿಯುತ್ತಿತ್ತು. ವಿಶ್ವಸಂಸ್ಥೆಯ ಕಡೆಯಿಂದ ಒಂದು ಕೆಲಸ ಬಂತು: ನೆಲೆ ಜಾಂಬಿಯಾದ ಲುಸಾಕಾ, ಆಫ್ರಿಕದ ತುಂಬ ಓಡಾಟ. ಮೂವರು ಚಿಕ್ಕ ಮಕ್ಕಳನ್ನು ಕರೆದೊಯ್ಯುವಂತಿರಲಿಲ್ಲ. ಅವರನ್ನು ತಂದೆಯ ಮನೆಗೆ ಬಿಟ್ಟು ಕೆಲಸ ಒಪ್ಪಿಕೊಂಡರು. ಆಗಾಗ ಬಂದು ನೋಡುತ್ತಿದ್ದರು, ಆದರೆ 1985ರವರೆಗೆ ಮಕ್ಕಳು ಅಲ್ಲೇ ಬೆಳೆದರು. ಮರಗಳ ತಾಯಿ ಎಂಬ ಬಿರುದಿನ ಭಾಷಣಗಳಲ್ಲಿ ಈ ವರ್ಷಗಳು ಬರುವುದಿಲ್ಲ. ಊರು ಬಿಟ್ಟು ದುಡಿಯಲು ಬಂದ ನಮಗೆ, ಮಕ್ಕಳನ್ನು ಅಜ್ಜಿಮನೆಯಲ್ಲಿ ಬಿಟ್ಟು ಬಂದ ಗೆಳತಿಯರಿರುವ ನಮಗೆ, ಈ ಭಾಗ ಅರ್ಥವಾಗದ್ದೇನಲ್ಲ. ಗಂಡಸು ಹೀಗೆ ಹೋದರೆ ಅದಕ್ಕೆ ಆನ್‌ಸೈಟ್ ಎನ್ನುತ್ತೇವೆ.

1982ರಲ್ಲಿ ಸಂಸತ್ತಿನ ಉಪಚುನಾವಣೆಗೆ ನಿಲ್ಲಲು ವಿಶ್ವವಿದ್ಯಾಲಯಕ್ಕೆ ರಾಜೀನಾಮೆ ಕೊಟ್ಟರು. ಮತದಾರರ ಪಟ್ಟಿಯ ತಾಂತ್ರಿಕ ಕಾರಣ ಹೇಳಿ ಸ್ಪರ್ಧೆಗೆ ಬಿಡಲಿಲ್ಲ. ವಾಪಸು ಕೆಲಸ ಕೇಳಿದರೆ ವಿಶ್ವವಿದ್ಯಾಲಯವೂ ಇಲ್ಲ ಎಂದಿತು, ಕ್ವಾರ್ಟರ್ಸ್ ಖಾಲಿ ಮಾಡಿಸಿತು. ಹದಿನಾರು ವರ್ಷದ ಕೆಲಸ ಹೋಯಿತು. ಅದುವರೆಗೆ ಬಿಡುವಿನ ವೇಳೆಯ ಕೆಲಸವಾಗಿದ್ದ ಗ್ರೀನ್ ಬೆಲ್ಟ್ ಈಗ ಪೂರ್ಣಕಾಲದ್ದಾಯಿತು. ನಾರ್ವೆಯ ಅರಣ್ಯ ಸಂಘದ ಮತ್ತು ವಿಶ್ವಸಂಸ್ಥೆಯ ಮಹಿಳಾ ನಿಧಿಯ ನೆರವು ಬಂತು, ಚಳವಳಿ ಹಬ್ಬಿತು.

1989ರಲ್ಲಿ ಸರ್ಕಾರ ನೈರೋಬಿಯ ಉಹುರು ಪಾರ್ಕಿನಲ್ಲಿ 60 ಅಂತಸ್ತಿನ ಗೋಪುರ ಕಟ್ಟಲು ಹೊರಟಿತು. ನಗರದ ನಡುವೆ ಜನಸಾಮಾನ್ಯರು ಮಕ್ಕಳೊಂದಿಗೆ ಕೂರಲು ಇದ್ದ ಹಸಿರು ಜಾಗ ಅದು. ವಂಗಾರಿ ಪತ್ರ ಬರೆಯುತ್ತ ಹೋದರು, ಅಧ್ಯಕ್ಷರ ಕಚೇರಿಗೆ, ವಿಶ್ವಸಂಸ್ಥೆಗೆ, ಬ್ರಿಟಿಷ್ ರಾಯಭಾರಿಗೆ. ಸಂಸತ್ತಿನಲ್ಲಿ ಅವರ ಸಂಸ್ಥೆಯನ್ನು ವಿಚ್ಛೇದಿತೆಯರ ಗುಂಪು ಎಂದು ಹಂಗಿಸಿದರು. ಒಳ್ಳೆಯ ಆಫ್ರಿಕನ್ ಹೆಂಗಸಾದರೆ ಗಂಡಸರನ್ನು ಗೌರವಿಸಿ ಸುಮ್ಮನಿರಬೇಕು ಎಂಬುದು ಅಧ್ಯಕ್ಷ ಮೋಯಿಯವರ ಬುದ್ಧಿಮಾತು. ಚಳವಳಿಯನ್ನು ಸರ್ಕಾರಿ ಕಚೇರಿಯಿಂದ ಹೊರಹಾಕಿದರು. ಕಡತಗಳ ಸಮೇತ ಎಲ್ಲರೂ ವಂಗಾರಿಯ ಪುಟ್ಟ ಮನೆಗೆ ಬಂದರು. ವಿದೇಶಿ ಹೂಡಿಕೆದಾರರು ಹಿಂಜರಿದರು, 1990ರ ಆರಂಭದಲ್ಲಿ ಯೋಜನೆ ಕೈಬಿಟ್ಟಿತು.

ಅದೇ ಪಾರ್ಕಿಗೆ 1992ರ ಫೆಬ್ರುವರಿಯಲ್ಲಿ ರಾಜಕೀಯ ಕೈದಿಗಳ ತಾಯಂದಿರು ಬಂದು ಉಪವಾಸ ಕುಳಿತರು. ಹಳ್ಳಿಯ ಮುದುಕಿಯರು, ಬಿಡುಗಡೆ ಮಾಡಿ ಎಂದಷ್ಟೇ ಬೇಡಿಕೆ. ವಂಗಾರಿ ಅವರ ಜೊತೆಗೆ ಕುಳಿತರು. ಮಾರ್ಚ್ 3ರಂದು ಪೊಲೀಸರು ಲಾಠಿ, ಅಶ್ರುವಾಯುವಿನೊಂದಿಗೆ ನುಗ್ಗಿದಾಗ ಕೆಲವು ತಾಯಂದಿರು ಬಟ್ಟೆ ಕಳಚಿ ನಿಂತರು. ತಾಯಿಯ ವಯಸ್ಸಿನವಳನ್ನು ಬೆತ್ತಲೆಯಾಗಿ ನೋಡುವುದು ಅಲ್ಲಿ ಗಂಡಸಿಗೆ ತಗಲುವ ಶಾಪ. ಪ್ರಜ್ಞೆ ತಪ್ಪಿದ ವಂಗಾರಿ ಆಸ್ಪತ್ರೆ ಸೇರಿದರು. ತಾಯಂದಿರು ಹತ್ತಿರದ ಆಲ್ ಸೇಂಟ್ಸ್ ಕೆಥೆಡ್ರಲ್ ಹೊಕ್ಕು, ಸುಮಾರು ಒಂದು ವರ್ಷ ಕದಲಲಿಲ್ಲ. 1993ರ ಆರಂಭದಲ್ಲಿ ಬಹುತೇಕ ಕೈದಿಗಳು ಬಿಡುಗಡೆಯಾದರು. ತಾಯಿ ಎಂಬ ಪದವನ್ನು ಬಿರುದಾಗಿ ಅಲ್ಲ, ಹತ್ಯಾರಾಗಿ ಬಳಸಿದ ಸಂದರ್ಭ ಇದು.

2002ರಲ್ಲಿ ಕೊನೆಗೂ ಸಂಸತ್ತಿಗೆ ಆಯ್ಕೆಯಾದರು. ಆಮೇಲೆ ಪರಿಸರ ಖಾತೆಯ ಸಹಾಯಕ ಸಚಿವೆ. 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಚಳವಳಿ ನೆಟ್ಟ ಮರಗಳ ಲೆಕ್ಕ 3 ಕೋಟಿ. ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯ ಓದಿದ ಮಗಳು ವಂಜಿರಾ ಊರಿಗೆ ಮರಳಿ ತಾಯಿಯ ಸಂಸ್ಥೆ ಸೇರಿದರು, ಮುಂದೆ ಅದರ ಅಧ್ಯಕ್ಷೆಯೂ ಆದರು. 2011ರ ಸೆಪ್ಟೆಂಬರ್ 25ರಂದು ವಂಗಾರಿ ಕ್ಯಾನ್ಸರಿನಿಂದ ತೀರಿಕೊಂಡರು. ತನಗಾಗಿ ಮರ ಕಡಿಯಬಾರದು ಎಂದಿದ್ದರು. ಶವಪೆಟ್ಟಿಗೆಯನ್ನು ಬಿದಿರು, ಜೊಂಡು ಮತ್ತು ನೀರ ಕಳೆಯ ನಾರಿನಿಂದ ಹೆಣೆದರು.